ಬೆಕ್ಕು ಮಲಗಿದ ಜಾಗ: ಹಿತ್ತಲ ಕೋಣೆಯ ನೆಲದಡಿ ಒಡೆದ ಪೈಪಿನ ಪ್ರಕರಣ

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಒಂದು ಮನೆ. 40×60 ಸೈಟು, 1994ರಲ್ಲಿ ಕಟ್ಟಿದ್ದು. ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ. ಮೂವತ್ತು ವರ್ಷಕ್ಕೆ ಹತ್ತಿರವಾದರೂ ಗೋಡೆಯಲ್ಲಿ ಹೇಳಿಕೊಳ್ಳುವಂಥ ಒಂದು ಬಿರುಕಿಲ್ಲ. 2019ರಲ್ಲಿ ಇದರ ಹಿಂಬದಿಗೆ ಹೊಸ ಅಡುಗೆಮನೆ, ಒಂದು ಯುಟಿಲಿಟಿ, ಒಂದು ಬಾತ್‌ರೂಮು ಸೇರಿಸಿದರು. ಮನೆಯ ಯಜಮಾನರು ಆಗಷ್ಟೇ ನಿವೃತ್ತರಾಗಿದ್ದರು. ಅವರ ತಾಯಿಗೆ ಎಂಬತ್ತು ದಾಟಿತ್ತು. ಕೆಳಗೇ ಒಂದು ಬಾತ್‌ರೂಮು ಬೇಕು ಅನ್ನೋದು ಮುಖ್ಯ ಕಾರಣ.

ಆ ಕಟ್ಟಡ ನಾನು ಮಾಡಿಸಿದ್ದಲ್ಲ. ನನ್ನನ್ನು ಕರೆದದ್ದು ಮೂರು ವರ್ಷದ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಹೊಸ ಬಾತ್‌ರೂಮಿನ ಆಚೆ ಬದಿ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿತ್ತು, ಬಿಳಿ ಉಪ್ಪು ಬಂದಿತ್ತು. ನಾನು ನೋಡಿದೆ, ಬಾತ್‌ರೂಮಿನ ಟೈಲ್ಸ್ ಸಂದಿಯಿಂದ ನೀರು ಇಳಿಯುತ್ತಿದೆ ಅಂದೆ. ಸಂದಿ ಕೆರೆಸಿ ನೀರು ತಡೆಯುವ ಎಪಾಕ್ಸಿ ಅಂಟು ತುಂಬಿಸಿದೆ. ನೆಲದ ನೀರು ಹೊರಹೋಗುವ ಟ್ರ್ಯಾಪ್ ಸುತ್ತ ಮತ್ತೆ ಬಿಗಿ ಮಾಡಿಸಿದೆ. 9,000 ರೂಪಾಯಿ ಆಯಿತು. ಉಪ್ಪು ನಿಲ್ಲಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಗೋಡೆ ಒದ್ದೆಯಾದರೆ ಬಾತ್‌ರೂಮನ್ನೇ ಮೊದಲು ಅನುಮಾನಿಸುವುದು ನಮ್ಮ ಕಸುಬಿನ ಚಾಳಿ. ನಾನೂ ಅದನ್ನೇ ಮಾಡಿದೆ.

ಅದೇ ಹೊತ್ತಿಗೆ ಮನೆಯವರಿಗೆ ಇನ್ನೊಂದು ತಲೆನೋವಿತ್ತು. ಸೋಲಾರ್ ನೀರು ಬೆಳಿಗ್ಗೆ ಸಾಲುತ್ತಿರಲಿಲ್ಲ. 200 ಲೀಟರಿನ ಸೋಲಾರು. ಮೊದಲು ನಾಲ್ಕು ಜನರಿಗೆ ಸ್ನಾನ ಮಾಡಿಯೂ ಪಾತ್ರೆಗೆ ಉಳಿಯುತ್ತಿತ್ತು. ಈಗ ಎರಡನೆಯವರ ಸ್ನಾನಕ್ಕೇ ಉಗುರು ಬೆಚ್ಚಗೆ. ಸೋಲಾರಿಗೆ ವಯಸ್ಸಾಯಿತು ಅಂದುಕೊಂಡು ಟ್ಯೂಬು ತೊಳೆಸಿ, ಒಳಗಿನ ಸುಣ್ಣ ತೆಗೆಸಿ 4,500 ಕೊಟ್ಟಿದ್ದರು. ಅದರಿಂದಲೂ ಏನೂ ಬದಲಾಗಲಿಲ್ಲ. ಗೋಡೆಯ ಉಪ್ಪಿಗೂ ಸೋಲಾರಿಗೂ ಸಂಬಂಧ ಇರಬಹುದು ಅಂತ ಅವರಿಗೂ ಹೊಳೆಯಲಿಲ್ಲ. ಸೋಲಾರಿನ ವಿಷಯ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

2023ರ ಜನವರಿಯಲ್ಲಿ ಮತ್ತೆ ಹೋದೆ. ಹೊಸ ಅಡುಗೆಮನೆಯ ಬಾಗಿಲ ಪಕ್ಕ ನಿಂತು ಯಜಮಾನರ ಜೊತೆ ಮಾತಾಡುತ್ತಿದ್ದೆ. ಅಜ್ಜಿ ಕುರ್ಚಿಯಿಂದಲೇ, "ಆ ಕಡೆ ಸರಿದು ನಿಲ್ಲಪ್ಪ, ಬೆಕ್ಕನ್ನ ತುಳಿದೀಯ" ಅಂದರು. ನೋಡಿದರೆ ಕಾಲ ಹತ್ತಿರ ಬೆಕ್ಕು ಸುರುಳಿ ಸುತ್ತಿ ಮಲಗಿತ್ತು. "ಚಳಿ ಶುರುವಾದಾಗಿನಿಂದ ಅಲ್ಲೇ ಬಿದ್ದಿರ್ತದೆ. ಅಲ್ಲಿ ನೆಲ ಬೆಚ್ಚಗಿದೆ, ನಾನೂ ಕಾಲಿಟ್ಟು ನೋಡಿದೀನಿ" ಅಂದರು. ಬಿಸಿಲು ಬೀಳುವ ಜಾಗ ಅದಲ್ಲ. ಫ್ರಿಜ್ಜೂ ಹತ್ತಿರ ಇಲ್ಲ. ಚಪ್ಪಲಿ ಹೊರಗೇ ಬಿಟ್ಟಿದ್ದೆ. ಬೆಕ್ಕನ್ನು ಎಬ್ಬಿಸಿ ಅಂಗಾಲು ಇಟ್ಟೆ. ನಿಜ, ಬೆಚ್ಚಗಿತ್ತು.

ನೆಲ ಒಡೆಯುವ ಮೊದಲು

ಇಂಥ ಕಡೆ ತಕ್ಷಣ ಬ್ರೇಕರ್ ತರಿಸಬೇಕು ಅನ್ನಿಸುತ್ತದೆ. ಆದರೆ ನೀರು ಹೊರಬರುವ ಜಾಗವೇ ಒಡೆದ ಜಾಗ ಆಗಿರಬೇಕಿಲ್ಲ. ಕಾಂಕ್ರೀಟಿನಡಿ ಅದು ಇಳಿಜಾರು ಹುಡುಕಿಕೊಂಡು ಎಲ್ಲೋ ಹೋಗಿ ಎಲ್ಲೋ ಏಳುತ್ತದೆ. ಮೊದಲು ಸೋರಿಕೆ ಇದೆಯೋ ಇಲ್ಲವೋ, ಇದ್ದರೆ ಯಾವ ಲೈನಿನಲ್ಲಿ ಅನ್ನೋದು ಗೊತ್ತಾಗಬೇಕು. ಅದಕ್ಕೆ ಖರ್ಚಿಲ್ಲದ ದಾರಿ ಇದೆ.

ಮೊದಲ ರಾತ್ರಿ ಹತ್ತು ಗಂಟೆಗೆ ಎಲ್ಲ ನಲ್ಲಿ ಬಂದ್ ಮಾಡಿಸಿ, ಓವರ್‌ಹೆಡ್ ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಸಿದೆ. ಫ್ಲಶ್ ಕೂಡ ಒತ್ತಬಾರದು, ಬೇಕಾದವರು ಬಕೆಟ್ ನೀರು ಬಳಸಬೇಕು ಅಂತ ತಾಕೀತು. ಬೆಳಿಗ್ಗೆ ಆರಕ್ಕೆ ಮಟ್ಟ 10 ಸೆಂಟಿಮೀಟರ್ ಇಳಿದಿತ್ತು. ಆ ಸಾವಿರ ಲೀಟರ್ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಅಂದರೆ ಸುಮಾರು 9 ಲೀಟರ್. ಎಂಟು ಗಂಟೆಯಲ್ಲಿ 90 ಲೀಟರ್. ನಿಮಿಷಕ್ಕೆ ಒಂದು ಲೋಟದಷ್ಟು. ಕೇಳಲು ಕಡಿಮೆ. ಆದರೆ ದಿನಕ್ಕೆ 270 ಲೀಟರು, ತಿಂಗಳಿಗೆ ಎಂಟು ಸಾವಿರ ಲೀಟರು ಅಡುಗೆಮನೆಯ ಕೆಳಗೆ ಹೋಗುತ್ತಿತ್ತು.

ಎರಡನೇ ರಾತ್ರಿ ಅದೇ ಪರೀಕ್ಷೆ. ಈ ಸಲ ಸೋಲಾರಿಗೆ ತಣ್ಣೀರು ಹೋಗುವ ಗೇಟ್‌ವಾಲ್ವ್ ಕೂಡ ಬಂದ್. ಬೆಳಿಗ್ಗೆ ಗೆರೆ ಇದ್ದಲ್ಲೇ ಇತ್ತು. ಅಂದರೆ ತಣ್ಣೀರಿನ ಲೈನುಗಳೆಲ್ಲ ಸರಿ ಇವೆ, ಸೋರುತ್ತಿರುವುದು ಬಿಸಿನೀರು. ಸೋಲಾರಿನ ಗುಟ್ಟೂ ಅಲ್ಲೇ ಬಿಚ್ಚಿಕೊಂಡಿತು. ರಾತ್ರಿಯಿಡೀ 90 ಲೀಟರ್ ಬಿಸಿನೀರು ನೆಲದಡಿ ಹೋದರೆ, ಅಷ್ಟೇ ತಣ್ಣೀರು ಸೋಲಾರ್ ಟ್ಯಾಂಕಿಗೆ ಬಂದು ಸೇರುತ್ತದೆ. 200 ಲೀಟರಿನಲ್ಲಿ ಹತ್ತಿರ ಹತ್ತಿರ ಅರ್ಧ. ಟ್ಯೂಬು ಎಷ್ಟು ತೊಳೆದರೆ ಏನು ಬಂತು?

ಮೂರನೇ ದಿನ ಪ್ಲಂಬರ್ ಕೈಪಂಪು, ಗೇಜು ತಂದ. ಹಳೆಯ ಅಡುಗೆಮನೆಯ ಗೋಡೆಯಲ್ಲಿ ಬಿಸಿ ಲೈನು ನೆಲಕ್ಕೆ ಇಳಿಯುವ ಕಡೆ ಒಂದಡಿ ಪ್ಲಾಸ್ಟರ್ ಬಿಡಿಸಿ, ಪೈಪನ್ನು ಕತ್ತರಿಸಿ, ಎರಡೂ ಕಡೆ ಬೇರೆ ಬೇರೆ ಪರೀಕ್ಷೆ ಮಾಡಿದೆವು. ಮೊದಲೇ ಅಲ್ಲೊಂದು ವಾಲ್ವ್ ಇಟ್ಟಿದ್ದರೆ ಈ ಕತ್ತರಿಸುವ ಕೆಲಸ ಇರುತ್ತಿರಲಿಲ್ಲ. ಹಳೆಯ ಮನೆಯ ಕಡೆಯ ಲೈನು 6 ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡಕ್ಕೆ ಅಲ್ಲಾಡದೆ ನಿಂತಿತು. ಹೊಸ ಕಡೆಯದು 6 ಮುಟ್ಟಲೇ ಇಲ್ಲ. ಮೂರಕ್ಕೆ ಏರಿ, ನೋಡುತ್ತಿದ್ದ ಹಾಗೆ ಇಳಿಯಿತು. ಟ್ಯಾಂಕಿನಿಂದ ಬರುವ ಒತ್ತಡ ಆ ಮನೆಯಲ್ಲಿ ಮುಕ್ಕಾಲು ಕೆಜಿಯೂ ಇಲ್ಲ. ಹತ್ತು ಮೀಟರ್ ಎತ್ತರಕ್ಕೆ ಒಂದು ಕೆಜಿ ಅನ್ನೋದು ನಮ್ಮ ಲೆಕ್ಕ. ಅಷ್ಟು ಕಡಿಮೆ ಒತ್ತಡಕ್ಕೇ ನಿಮಿಷಕ್ಕೊಂದು ಲೋಟ ಹೋಗುತ್ತಿದೆ ಅಂದರೆ ಬಿರುಕು ಸಣ್ಣದಲ್ಲ.

ಇನ್ನು ಜಾಗ ಗುರುತಿಸುವುದು. ಯಂತ್ರಗಳ ಬಿಸಿ ನೋಡಲು ದೂರದಿಂದ ಹಿಡಿಯುವ ಥರ್ಮಾಮೀಟರ್ ಒಂದನ್ನು ತಂದು, ಲೈನನ್ನು ಮತ್ತೆ ಜೋಡಿಸಿ, ಮರುದಿನ ಬೆಳಗಿನ ಜಾವ ಟೈಲ್ಸ್ ಟೈಲ್ಸಿಗೂ ಹಿಡಿದು ಸೀಮೆಸುಣ್ಣದಲ್ಲಿ ಅಂಕಿ ಬರೆದೆ. ದೂರದ ಮೂಲೆಯಲ್ಲಿ 22 ಡಿಗ್ರಿ. ಬೆಕ್ಕಿನ ಜಾಗದಲ್ಲಿ 28. ಅಲ್ಲಿಂದ ಹಳೆಯ ಗೋಡೆಯ ಕಡೆ ಹೋದಂತೆ ಏರುತ್ತಾ ಹೋಗಿ, ಗೋಡೆಯಿಂದ ಒಂದಡಿ ದೂರದಲ್ಲಿ 31. ಬೆಕ್ಕು ಅಲ್ಲಿ ಯಾಕೆ ಮಲಗುತ್ತಿರಲಿಲ್ಲ ಅಂದರೆ, ಅಲ್ಲಿ ಕಸದ ಬುಟ್ಟಿ ಇತ್ತು.

ಕಾಂಕ್ರೀಟಿನಡಿಯ ಟೊಳ್ಳು

ಆ ಟೈಲ್ಸಿಗೆ ಬೆರಳ ಗಿಣ್ಣಿನಿಂದ ಬಡಿದರೆ ಡಬ್ಬದಂತೆ ಸದ್ದು. ಟೈಲ್ಸ್ ತೆಗೆದು, ನಾಲ್ಕಿಂಚಿನ ಬೆಡ್ ಕಾಂಕ್ರೀಟ್ ಒಡೆದಾಗ, ಕೆಳಗೆ ಮಣ್ಣು ಸಿಗಲಿಲ್ಲ. ಖಾಲಿ ಸಿಕ್ಕಿತು. ಕಾಂಕ್ರೀಟಿಗೂ ಮಣ್ಣಿಗೂ ನಡುವೆ ಎರಡು ಬೆರಳು ತೂರುವಷ್ಟು ಸಂದಿ. ನೆಲ ಆ ಜಾಗದಲ್ಲಿ ಬರೀ ಕಾಂಕ್ರೀಟ್ ಹಲಗೆಯ ಬಲದ ಮೇಲೆ ನಿಂತಿತ್ತು.

ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪು ಹಳೆಯ ಗೋಡೆಯ ಬುಡದಿಂದ ಹೊರಗೆ ಬಂದಿತ್ತು. ಗೋಡೆಯ ತೂತಿನಲ್ಲಿ ಪೈಪಿನ ಸುತ್ತ ಸಿಮೆಂಟ್ ಗಾರೆ ಬಿಗಿಯಾಗಿ ತುಂಬಿದ್ದರು. ಗೋಡೆಯಿಂದ ಎಂಟು ಇಂಚಿಗೆ ಒಂದು ಎಲ್ಬೋ, ಅಂದರೆ ಪೈಪು ತಿರುಗಿಸುವ ಜೋಡಣೆ. ಅಲ್ಲಿಂದ ಪೈಪು ತಿರುಗಿ ಸಿಂಕಿನ ಕಡೆ ಆರೂವರೆ ಮೀಟರ್ ಓಡುತ್ತದೆ. ಎಲ್ಬೋದ ಕುತ್ತಿಗೆಯಲ್ಲಿ, ಪೈಪು ಒಳಹೋಗುವ ಕಡೆ, ಅರ್ಧ ಸುತ್ತು ಬಿರುಕು. ಪೈಪು ಮೇಲಿನಿಂದ ಯಾರೋ ಒತ್ತಿದ ಹಾಗೆ ಕೆಳಗೆ ಬಾಗಿತ್ತು.

ಪ್ಲಂಬರ್ ನೋಡಿದ ತಕ್ಷಣ, "ಗಮ್ ಸರಿಯಾಗಿ ಹಾಕಿಲ್ಲ ಸಾರ್, ಅಷ್ಟೇ" ಅಂದ. ಹಿಂದಿನ ಪ್ಲಂಬರನ್ನು ಬೈಯುವುದು ಈ ಕಸುಬಿನಲ್ಲಿ ನಮಸ್ಕಾರದ ಹಾಗೆ, ಎಲ್ಲರೂ ಮಾಡುತ್ತಾರೆ. ಎಲ್ಬೋವನ್ನು ಕತ್ತರಿಸಿ ತೆಗೆದು ಸೀಳಿ ನೋಡಿದೆವು. ಗಮ್ ಚೆನ್ನಾಗಿಯೇ ಹಿಡಿದಿತ್ತು. ಜಾಯಿಂಟ್ ಬಿಟ್ಟಿರಲಿಲ್ಲ, ಪಕ್ಕದಲ್ಲಿ ಎಲ್ಬೋವೇ ಸೀಳಿತ್ತು. ಪೈಪು ಬಿಸಿನೀರಿಗೆಂದೇ ಮಾಡಿದ್ದು, ಐಎಸ್ 15778 ಅನ್ನುವ ಭಾರತೀಯ ಮಾನಕದ ಮುದ್ರೆ ಇರುವುದೇ. ಹಾಗಾದರೆ ಒಡೆದದ್ದು ಯಾಕೆ?

ಹಿತ್ತಲು ಮನೆಯ ನೆಲಕ್ಕಿಂತ ಎರಡೂವರೆ ಅಡಿ ತಗ್ಗಿನಲ್ಲಿತ್ತು. ಹೊಸ ನೆಲವನ್ನು ಹಳೆಯದಕ್ಕೆ ಸಮ ತರಲು, ಮೇಲ್ಮಣ್ಣು ತೆಗೆದ ಮೇಲೆ, ಮೂರಡಿ ತುಂಬಬೇಕಾಯಿತು. ಯಜಮಾನರು ಫೋನಿನಲ್ಲಿದ್ದ ಹಳೆಯ ಫೋಟೋಗಳನ್ನು ತೋರಿಸಿದರು. ಒಡೆದ ಹಿತ್ತಲ ಗೋಡೆಯ ಇಟ್ಟಿಗೆ ಚೂರು, ಪ್ಲಾಸ್ಟರ್ ಹೆಂಟೆ, ಮೇಲೆ ಎರಡು ಟ್ರ್ಯಾಕ್ಟರ್ ಕೆಂಪು ಮಣ್ಣು. ಎಲ್ಲ ಒಂದೇ ಸಲ ಸುರಿದು, ಮೇಲಿನಿಂದ ಹೋಸ್‌ನಲ್ಲಿ ನೀರು ಬಿಟ್ಟಿದ್ದಾರೆ. "ನೀರು ಕೊಟ್ಟು ಕೂರಿಸಿದ್ವಿ ಅಂತ ಮೇಸ್ತ್ರಿ ಹೇಳಿದ್ರು" ಅಂದರು ಯಜಮಾನರು. ಮೇಸ್ತ್ರಿ ಸುಳ್ಳು ಹೇಳಿಲ್ಲ. ಆದರೆ ಮೂರಡಿ ಮಣ್ಣಿಗೆ ಮೇಲಿನಿಂದ ನೀರು ಬಿಟ್ಟರೆ ಮೇಲಿನ ಒಂದಡಿ ಕೂರುತ್ತದೆ. ಆರಾರು ಇಂಚು ಹಾಕಿ, ನೀರು ಹೊಡೆದು, ಪ್ರತಿ ಪದರಕ್ಕೂ ದಿಮ್ಮಸು ಹೊಡೆದರೆ ಮಾತ್ರ ಕೆಳಗಿನದೂ ಬಿಗಿಯಾಗುತ್ತದೆ. ಇಟ್ಟಿಗೆ ಚೂರುಗಳ ನಡುವಿನ ಸಂದಿಗಳು ಬೇರೆ. ಹಳೆಯ ಮೇಸ್ತ್ರಿಗಳು ಬೇಸ್‌ಮೆಂಟ್ (ಪಾಯದಿಂದ ಮನೆಯ ನೆಲದವರೆಗಿನ ಭಾಗ) ತುಂಬಿ ಒಂದು ಮಳೆಗಾಲ ಹಾಗೇ ಬಿಡುತ್ತಿದ್ದರು. ಇಲ್ಲಿ ಮಾರ್ಚಿನಲ್ಲಿ ತುಂಬಿ ಏಪ್ರಿಲಿನಲ್ಲಿ ಟೈಲ್ಸ್ ಹಾಕಿದ್ದಾರೆ. ಗೃಹಪ್ರವೇಶಕ್ಕೆ ಮುಹೂರ್ತ ನೋಡಿಸಿ ಆಗಿತ್ತು.

ಇನ್ನೊಂದು ಸಂಗತಿ ಅಜ್ಜಿಯಿಂದಲೇ ಬಂತು. ಹಳ್ಳದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು ನೋಡುತ್ತಿದ್ದರು. "ಇಲ್ಲೇ ಅಲ್ವೇನೋ ನಮ್ಮ ತೆಂಗಿನಮರ ಇದ್ದಿದ್ದು?" ಅಂತ ಮಗನನ್ನು ಕೇಳಿದರು. ಮರ ಕಡಿಸಿದ್ದರು, ಬುಡ ಕೀಳಿಸಿರಲಿಲ್ಲ. ಇನ್ನೂ ಒಂದಡಿ ಅಗೆದಾಗ ಕೊಳೆತ ಬೇರಿನ ಮುದ್ದೆ ಸ್ಪಂಜಿನ ಹಾಗೆ ಬಂತು. ಕೋಣೆಯ ಬೇರೆ ಕಡೆ ಮಣ್ಣು ಅರ್ಧ ಇಂಚು ಕೂತಿದ್ದರೆ ಇಲ್ಲಿ ಒಂದೂವರೆ ಇಂಚು ಕೂತಿತ್ತು.

ಈಗ ಚಿತ್ರ ಪೂರ್ತಿಯಾಯಿತು. ನಮಗೆ ಅದು ಒಂದೇ ಮನೆ. ಪೈಪಿಗೆ ಮೂರು. ಹಳೆಯ ಗೋಡೆ 1994ರಿಂದ ಕೂತು ಗಟ್ಟಿಯಾಗಿದೆ, ಅದು ಅಲ್ಲಾಡುವುದಿಲ್ಲ. ಹೊಸ ಗೋಡೆ ತನ್ನ ಪಾಯದ ಮೇಲೆ ನಿಂತಿದೆ, ಅದು ಒಂದಿಷ್ಟು ಕೂತು ನಿಲ್ಲುತ್ತದೆ. ಹೊಸ ನೆಲ ಎರಡರ ಮೇಲೂ ಇಲ್ಲ, ತುಂಬಿದ ಮಣ್ಣಿನ ಮೇಲಿದೆ. ಪೈಪಿನ ಒಂದು ತುದಿಯನ್ನು ಹಳೆಯ ಗೋಡೆ ಗಾರೆಯಿಂದ ಕಚ್ಚಿ ಹಿಡಿದಿದೆ. ಉಳಿದ ಪೈಪು ಮಣ್ಣಿನ ಜೊತೆ ಕೆಳಗಿಳಿಯುತ್ತಿದೆ. ಗೋಡೆಯ ಪಕ್ಕದ ಮೊದಲ ಜಾಯಿಂಟಿಗೆ ಅಷ್ಟೂ ಭಾರ ಬೀಳುತ್ತದೆ.

ಇದರ ಜೊತೆಗೆ ಬಿಸಿನೀರು. ಸಿಪಿವಿಸಿ ಪೈಪು ಬಿಸಿಯಾದರೆ ಉದ್ದವಾಗುತ್ತದೆ. ಮೀಟರಿಗೆ, ಒಂದು ಡಿಗ್ರಿಗೆ, ಸುಮಾರು 0.065 ಮಿಲಿಮೀಟರ್. ರಾತ್ರಿ 25 ಡಿಗ್ರಿಯಲ್ಲಿದ್ದ ಆರೂವರೆ ಮೀಟರ್ ಪೈಪಿನಲ್ಲಿ ಬೆಳಿಗ್ಗೆ 65 ಡಿಗ್ರಿ ನೀರು ಬಂದರೆ ಅದು ಸುಮಾರು 17 ಮಿಲಿಮೀಟರ್ ಹಿಗ್ಗಲು ನೋಡುತ್ತದೆ. ಎರಡೂ ತುದಿ ಗಾರೆಯಲ್ಲಿ ಸಿಕ್ಕಿಕೊಂಡಿವೆ, ಸುತ್ತ ಮಣ್ಣು. ಹೋಗಲು ಜಾಗವಿಲ್ಲ. ದಿನಾ ಒಂದು ಸಲ ಹಿಗ್ಗುವುದು, ಒಂದು ಸಲ ಕುಗ್ಗುವುದು. ಪಕ್ಕದಲ್ಲೇ ಇದ್ದ ತಣ್ಣೀರಿನ ಪೈಪೂ ಬಾಗಿತ್ತು, ಆದರೆ ಒಡೆದಿರಲಿಲ್ಲ. ಮೊದಲು ಬಿಸಿ ಲೈನೇ ಯಾಕೆ ಹೋಯಿತು ಅನ್ನುವುದಕ್ಕೆ ನನಗೆ ಕಾಣುವ ಉತ್ತರ ಇದೇ. ಒಮ್ಮೆ ಸೋರಲು ಶುರುವಾದ ಮೇಲೆ ನೀರು ಮಣ್ಣನ್ನು ಇನ್ನಷ್ಟು ಕೂರಿಸಿತು. ಮಣ್ಣು ಕೂತಷ್ಟೂ ಬಿರುಕು ಬಾಯಿ ಬಿಟ್ಟಿತು.

ನೆಲ ಮುಚ್ಚುವ ಮೊದಲು ಪ್ರೆಶರ್ ಟೆಸ್ಟ್ ಮಾಡಿರಲಿಲ್ಲ, ಸುಮ್ನೆ ನೀರು ಬಿಟ್ಟು ನೋಡಿದ್ದರಂತೆ. ಅದು ತಪ್ಪೇ. ಆದರೆ ಟೆಸ್ಟ್ ಮಾಡಿದ್ದರೂ ಈ ಪೈಪು ಆ ದಿನ ಪಾಸಾಗುತ್ತಿತ್ತು ಅನ್ನುವುದನ್ನೂ ಹೇಳಬೇಕು. ಮಣ್ಣು ಕೂರುವುದು ಅದಾದ ಮೇಲಿನ ಕಥೆ.

ಯಾಕೆ ನೆಲದಡಿಯೇ ತಂದರು ಅಂತ ಕೇಳಿದೆ. ಹಳೆಯ ಅಡುಗೆಮನೆಗೆ ಹಿಂದಿನ ವರ್ಷವಷ್ಟೇ ಬಣ್ಣ ಹೊಡೆಸಿದ್ದರು, ಗೋಡೆ ಕೊರೆಯುವುದು ಬೇಡ ಅಂದಿದ್ದರು. ನೆಲದಡಿ ದಾರಿಯೂ ಹತ್ತಿರ. ಮೇಲಿನಿಂದ ತಂದಿದ್ದರೆ ಹನ್ನೆರಡು ಅಡಿ ಪೈಪು ಜಾಸ್ತಿ ಬೇಕಿತ್ತು. ಫಿಟ್ಟಿಂಗು ಸೇರಿ ಎರಡು ಸಾವಿರದೊಳಗೆ ಮುಗಿಯುವ ವ್ಯತ್ಯಾಸ.

ಒಂದು ಮೇಲೆ, ಒಂದು ಕೆಳಗೆ

ಬರೀ ಎಲ್ಬೋ ಬದಲಾಯಿಸಿ ಮುಚ್ಚಬಹುದಿತ್ತು. ಒಂದು ದಿನದ ಕೆಲಸ. ಯಜಮಾನರಿಗೂ ಅದೇ ಮನಸ್ಸಿತ್ತು. ನಾನು ಒಪ್ಪಲಿಲ್ಲ. ಮಣ್ಣು ಇನ್ನೂ ಕೂರುವುದು ಬಾಕಿ ಇದ್ದರೆ ಮತ್ತೆ ಅದೇ ಜಾಗ ಒಡೆಯುತ್ತದೆ, ಮತ್ತೆ ಬೆಕ್ಕು ಬಂದು ಹೇಳಬೇಕಾಗುತ್ತದೆ. ಬಿಸಿ ಮತ್ತು ತಣ್ಣೀರಿನ ಎರಡೂ ಲೈನನ್ನು ನೆಲದಡಿ ಕತ್ತರಿಸಿ, ಮುಚ್ಚಳ ಹಾಕಿ, ಅಲ್ಲೇ ಬಿಟ್ಟೆವು. ಹೊಸದನ್ನು ತಾರಸಿಯಿಂದ ಹೊಸ ಕೋಣೆಗಳ ಪ್ಯಾರಾಪೆಟ್ ಪಕ್ಕ ಕ್ಲಾಂಪಿನ ಮೇಲೆ ತಂದು, ಗೋಡೆಯಲ್ಲಿ ಇಳಿಸಿದೆವು. ಕ್ಲಾಂಪು ಪೈಪನ್ನು ಹಿಸುಕುವಂತಿಲ್ಲ, ಜಾರಲು ಬಿಡಬೇಕು. ಮೂಲೆಯಲ್ಲಿ ಒಂದು ಬಳಸು ಕೊಟ್ಟೆವು, ಹಿಗ್ಗಿದರೆ ಅಲ್ಲಿ ಬಾಗಲಿ ಅಂತ. ಸಿಪಿವಿಸಿಗೆ ಬಿಸಿಲು ಆಗುವುದಿಲ್ಲ, ಹಾಗಾಗಿ ಫೋಮ್ ಸುತ್ತಿ ಮೇಲೆ ಬೆಳ್ಳಿ ಟೇಪು. ಹೊಸ ಕೋಣೆಗಳಿಗೆ ಹೋಗುವ ಕಡೆ ಬಿಸಿಗೊಂದು, ತಣ್ಣೀರಿಗೊಂದು ಬಾಲ್ ವಾಲ್ವ್.

ಇದರಲ್ಲಿ ಒಂದು ನಷ್ಟವೂ ಇದೆ. ಪೈಪು ಉದ್ದವಾಯಿತು. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಂತಿರುತ್ತದೆ. ಮೊದಲು ಎರಡೂವರೆ ಲೀಟರ್ ತಣ್ಣೀರು ಹೋದ ಮೇಲೆ ಬಿಸಿ ಬರುತ್ತಿತ್ತು, ಈಗ ಮೂರೂವರೆ. ಮನೆಯಾಕೆ ಅದನ್ನು ಒಂದು ಪಾತ್ರೆಗೆ ಹಿಡಿದು ತರಕಾರಿ ತೊಳೆಯುತ್ತಾರೆ.

ಹಳ್ಳದಲ್ಲಿ ನಾವು ಹುಡುಕದೇ ಸಿಕ್ಕಿದ್ದು ಇನ್ನೊಂದು ಪೈಪು. ಹಿತ್ತಲ ತುದಿಯ ಬೋರ್‌ವೆಲ್‌ನಿಂದ ಮುಂದಿನ ಸಂಪಿಗೆ ಹೋಗುವ ಒಂದೂಕಾಲು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಲೈನು. ಹಿತ್ತಲು ಬಯಲಾಗಿದ್ದಾಗ ಹಾಕಿದ್ದು. ಕೋಣೆ ಕಟ್ಟುವಾಗ ಯಾರೂ ಅದರ ತಂಟೆಗೆ ಹೋಗಿಲ್ಲ, ಅದರ ಮೇಲೇ ಕಟ್ಟಿದ್ದಾರೆ. ಸೋರುತ್ತಿರಲಿಲ್ಲ. ಆದರೆ ಮೇಲೆ ತುಕ್ಕು ಹಪ್ಪಳದ ಹಾಗೆ ಏಳುತ್ತಿತ್ತು. ಇದನ್ನು ತಾರಸಿಗೆ ಹತ್ತಿಸಿ ಇಳಿಸುವುದು ಅರ್ಥವಿಲ್ಲದ ಕೆಲಸ. ಪಕ್ಕದ ಓಣಿಯಲ್ಲಿ ತರೋಣ ಅಂದರೆ ಅಲ್ಲಿ ಒಳಚರಂಡಿಯ ಚೇಂಬರುಗಳು ಸಾಲಾಗಿವೆ. ನೆಲ ಹೇಗೂ ಒಡೆದಿದೆ. ಇದು ಕೆಳಗೇ ಹೋಗಲಿ, ಆದರೆ ಮಣ್ಣಿಗೆ ಸಿಕ್ಕದ ಹಾಗೆ ಹೋಗಲಿ ಅಂತ ತೀರ್ಮಾನಿಸಿದೆವು.

ಕೋಣೆಯ ಅಗಲ ಹತ್ತಡಿ. ಅಷ್ಟಕ್ಕೂ ನೇರವಾಗಿ ನಾಲ್ಕಿಂಚಿನ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಪೈಪು ಹಾಸಿದೆವು. ಇದು ನೀರಿನ ಪೈಪಲ್ಲ, ನೀರಿನ ಪೈಪು ತೂರಲು ಒಂದು ತೋಳು. ಎರಡೂ ಕಡೆ ಬೇಸ್‌ಮೆಂಟ್ ಗೋಡೆಯಲ್ಲಿ ಐದು ಇಂಚಿನ ತೂತು ಕೊರೆಸಿ, ತೋಳಿನ ಸುತ್ತ ಗಾರೆ ತುಂಬದೆ ಮೆತ್ತನೆಯ ಫೋಮ್ ತುಂಬಿದೆವು. ಗೋಡೆ ಕೂತರೂ ತೋಳಿನ ಮೇಲೆ ಕೂರಬಾರದು. ಹಿತ್ತಲ ಕಡೆಗೆ ಒಂದೂಕಾಲು ಇಂಚು ಇಳಿಜಾರು ಕೊಟ್ಟು, ಆ ತುದಿಯಲ್ಲಿ ಒಂದು ಸಣ್ಣ ಚೇಂಬರ್ ಕಟ್ಟಿದೆವು. ತೋಳಿನೊಳಗೆ ಸುರುಳಿಯಲ್ಲಿ ಬರುವ ಕಪ್ಪು ಎಚ್‌ಡಿಪಿಇ ಪೈಪನ್ನು ಹಗ್ಗ ಕಟ್ಟಿ ಎಳೆದೆವು. ಒಂದೇ ತುಂಡು. ನೆಲದಡಿ ಒಂದು ಜಾಯಿಂಟೂ ಇಲ್ಲ.

ಈ ಚೇಂಬರಿನ ಮೇಲೆ ನನಗೆ ವಿಶೇಷ ಪ್ರೀತಿ. ಮುಂದೆ ಯಾವತ್ತಾದರೂ ಪೈಪು ಸೋರಿದರೆ ನೀರು ತೋಳಿನೊಳಗೇ ಹರಿದು ಬಂದು ಚೇಂಬರಿನಲ್ಲಿ ಕಾಣಿಸುತ್ತದೆ. ಮಣ್ಣಿಗೆ ಹೋಗುವುದಿಲ್ಲ. ಪೈಪು ಬದಲಾಯಿಸಬೇಕಾದರೆ ಹಳೆಯದರ ಬಾಲಕ್ಕೆ ಹೊಸದನ್ನು ಕಟ್ಟಿ ಎಳೆದರಾಯಿತು, ಟೈಲ್ಸ್ ಮುಟ್ಟಬೇಕಿಲ್ಲ. ಇಲಿ, ಜಿರಳೆ ನುಗ್ಗದ ಹಾಗೆ ಬಾಯಿಗೆ ಸ್ಟೀಲ್ ಜಾಲರಿ ಸಿಕ್ಕಿಸಿದ್ದೇವೆ. ಅದನ್ನು ಕೈಯಲ್ಲೇ ತೆಗೆಯಬಹುದು. ಪ್ಲಂಬರ್ ಇಷ್ಟೆಲ್ಲ ನೋಡಿ, "ಒಂದು ಬೋರ್ ಪೈಪಿಗೆ ಇಷ್ಟು ಸೇವೆ ಯಾಕೆ ಸಾರ್?" ಅಂದ.

ಮಣ್ಣಿನ ಕೆಲಸ ಹೇಳುವಷ್ಟು ವಿಶೇಷವಲ್ಲ. ಬೇರಿನ ಮುದ್ದೆ ಪೂರ್ತಿ ತೆಗೆದು, ಕ್ರಷರ್ ಡಸ್ಟನ್ನು (ಜಲ್ಲಿ ಒಡೆದ ಪುಡಿ) ಆರಾರು ಇಂಚು ಹಾಕಿ, ನೀರು ಹೊಡೆದು ದಿಮ್ಮಸು. ಮೇಲೆ ಸಣ್ಣ ಕಬ್ಬಿಣದ ಜಾಲರಿ ಇಟ್ಟು ನಾಲ್ಕಿಂಚು ಕಾಂಕ್ರೀಟ್. ಹೊಂದುವ ಟೈಲ್ಸ್ ಸಿಗಲಿಲ್ಲ. ಆ ಡಿಸೈನು ನಿಂತುಹೋಗಿತ್ತು. ಅಟ್ಟದಲ್ಲಿದ್ದ ಎರಡು ಬಾಕ್ಸು ಸಾಲಲಿಲ್ಲ. ಬಾಗಿಲ ಪಕ್ಕ ನಾಲ್ಕು ಟೈಲ್ಸ್ ಬೇರೆ ಬಣ್ಣದವು. ಒಟ್ಟು ಖರ್ಚು 58,000 ಚಿಲ್ಲರೆ.

ನಾನು ಮುಟ್ಟದೇ ಬಿಟ್ಟದ್ದು ಒಂದಿದೆ. ಬಾತ್‌ರೂಮಿನ ನಾಲ್ಕಿಂಚಿನ ಕೊಳಚೆ ಪೈಪನ್ನು ಕೂಡ ಅದೇ ಹಳ್ಳದಲ್ಲಿ, ನೀರಿನ ಪೈಪಿನ ಮಗ್ಗುಲಲ್ಲೇ ಹಾಕಿದ್ದರು. ಟ್ಯಾಂಕ್ ಖಾಲಿಯಾಗಿ ಲೈನಿನಲ್ಲಿ ಒತ್ತಡ ಹೋದರೆ, ಒಡೆದ ಪೈಪು ಸುತ್ತ ನಿಂತ ನೀರನ್ನು ಒಳಕ್ಕೆ ಎಳೆದುಕೊಳ್ಳಬಹುದು. ಆ ಮನೆಯಲ್ಲಿ ಹಾಗೇನೂ ಆದ ಹಾಗಿಲ್ಲ. ಈಗ ನೀರಿನ ಲೈನು ಮೇಲೆ ಹೋದ್ದರಿಂದ ಆ ಭಯವಿಲ್ಲ. ಕೊಳಚೆ ಪೈಪು ಮಾತ್ರ ಅದೇ ಮಣ್ಣಿನ ಮೇಲೆ ಹಾಗೇ ಇದೆ. ನೀರು ತುಂಬಿಸಿ ಒಂದು ಗಂಟೆ ನಿಲ್ಲಿಸಿ ನೋಡಿದೆವು, ಇಳಿಯಲಿಲ್ಲ. ಅದನ್ನೂ ಬದಲಾಯಿಸಬೇಕಾದರೆ ಬಾತ್‌ರೂಮೇ ಒಡೆಯಬೇಕು. ಯಜಮಾನರು ಕೈ ಮುಗಿದರು.

ಹಳೆಯ ಗೋಡೆ ಮತ್ತು ಹೊಸ ಗೋಡೆ ಸೇರುವಲ್ಲಿ ಕೂದಲೆಳೆಯ ಬಿರುಕೊಂದಿತ್ತು. ಅದರ ತುದಿಗೆ ಪೆನ್ಸಿಲ್ ಗೆರೆ ಹಾಕಿ, ಪಕ್ಕದಲ್ಲಿ 12-2-2023 ಅಂತ ಬರೆದು ಬಂದಿದ್ದೆ. ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದೆ. ಬಿರುಕು ಗೆರೆ ದಾಟಿರಲಿಲ್ಲ. ಚೇಂಬರಿನಲ್ಲಿ ಒಣ ಎಲೆ ಬಿದ್ದಿತ್ತು. ಗೋಡೆಯ ಉಪ್ಪು ಮಾತ್ರ ಪೂರ್ತಿ ಹೋಗಿರಲಿಲ್ಲ. ಒಳಗೆ ಕುಡಿದ ನೀರು ಆರಲು ಇನ್ನೊಂದು ಬೇಸಿಗೆ ಬೇಕು, ಅಲ್ಲಿಯವರೆಗೆ ಬಣ್ಣ ಹೊಡೆಸಬೇಡಿ ಅಂದೆ. "ದೀಪಾವಳಿಗೇ ಹೊಡೆಸಬೇಕು ಅಂತಿದ್ದಾಳೆ ಸಾರ್" ಅಂದರು ಯಜಮಾನರು, ಒಳಗಿನ ಕಡೆ ನೋಡುತ್ತಾ.